ಮೀನು ಕುಯ್ಯದ ಹೆಂಡತಿ

“ಬಿಡು.”

ಗಂಡ ಹೆಂಡತಿಗೆ ಆಡಿದ ಮೊದಲ ಮಾತು ಅದು.

ದೇವೀರಿ ತಲೆ ಎತ್ತಿದಳು. ಹಿಂದಿನ ದಿನವಷ್ಟೇ ಹೊಳೆಯಾಚೆ ಅವಳ ತವರಿನಲ್ಲಿ ತಾಳಿ ಕಟ್ಟಿಸಿಕೊಂಡು, ಕತ್ತಲಾಗುವ ಹೊತ್ತಿಗೆ ಇಲ್ಲಿಗೆ ಬಂದು, ಹೆಂಗಸರ ನಡುವೆ ಮಲಗಿ ಎದ್ದಿದ್ದಳು. ಗಂಡನ ಮುಖವನ್ನು ನೆಟ್ಟಗೆ ನೋಡುತ್ತಿರುವುದು ಇದೇ ಮೊದಲು. ಒದ್ದೆ ಕೂದಲು. ಬಿಗಿದ ದವಡೆ. ನಿದ್ದೆಗೆಟ್ಟ ಕಣ್ಣು. ಅವಳ ಕೈಯಲ್ಲಿ ಮೀನು ಕುಯ್ಯುವ ಕತ್ತಿಯಿತ್ತು. ಆ ಕೈಯ ಮೇಲೆ ಅವನ ಕೈ ಇತ್ತು.

“ಏನು?” ಎಂದಳು.

“ಕತ್ತಿ ಬಿಡು. ನಾನು ಕುಯ್ತೀನಿ.”

ತಮಾಷೆ ಇರಬೇಕು ಎಂದುಕೊಂಡು ಅವಳು ಕತ್ತಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಅವನು ನಗಲಿಲ್ಲ. ಒಂದೊಂದೇ ಬೆರಳು ಬಿಡಿಸಿ ಕತ್ತಿಯನ್ನು ಕಿತ್ತುಕೊಂಡ. ಅವಳನ್ನು ಪಕ್ಕಕ್ಕೆ ಸರಿಸಿ ತಾನೇ ಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಆಗಷ್ಟೇ ಬಲೆಯಿಂದ ಬಿಡಿಸಿದ್ದ ಗೆಂಡೆ ಮೀನಿನ ಬಾಲ ಹಿಡಿದು ಕತ್ತಿಯ ಬೆನ್ನಿನಿಂದ ಹುರುಪೆ ಕೆರೆಯತೊಡಗಿದ. ಹುರುಪೆ ಚಿಮ್ಮಿ ಅವಳ ಹೊಸ ಸೀರೆಗೆಲ್ಲ ಅಂಟಿಕೊಂಡಿತು.

ನೆಲ್ಲಿಚಿರ ಕೆರೆಯ ದಡದಲ್ಲಿ ಎರಡೂ ಕಡೆಯ ನೆಂಟರು ನಿಂತಿದ್ದರು. ಹೊಸ ಜೋಡಿಯ ಮೊದಲ ಬಲೆಗೆ ಬಿದ್ದ ಮೀನನ್ನು ದಡದಲ್ಲೇ ಕುಯ್ದು, ಅಲ್ಲೇ ಬೇಯಿಸಿ, ಇಬ್ಬರಿಗೂ ತಿನ್ನಿಸುವುದು ಹೊಳೆಯವರಲ್ಲೂ ಇತ್ತು, ಈ ಕೆರೆಯವರಲ್ಲೂ ಇತ್ತು. ಗಂಡಿನ ಕಡೆಯ ಹೆಂಗಸರು ಕೇಕೆ ಹಾಕಿ ನಕ್ಕರು. ಗಂಡಿನ ಸೋದರತ್ತೆ ನಾರಾಯಣಿ ಚಪ್ಪಾಳೆ ತಟ್ಟಿದಳು.

ಹೆಣ್ಣಿನ ಕಡೆಯವರಲ್ಲಿ ಒಬ್ಬರೂ ನಗಲಿಲ್ಲ. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಣ್ಣ ಕೆಂಡಗಣ್ಣ ಒಂದು ಹೆಜ್ಜೆ ಮುಂದೆ ಬಂದು, ಮುಷ್ಟಿ ಬಿಗಿದು ನಿಂತ.

‘ಎಲ್ಲರ ಮುಂದೆ... ಎಲ್ಲರ ಮುಂದೆ ಕಿತ್ತುಕೊಂಡನಲ್ಲ!’ ದೇವೀರಿಯ ಕಿವಿ ಬಿಸಿಯಾಯಿತು.

ಅವಳು ಬೈರಕುಪ್ಪೆಯ ಹೊಳೆ ದಂಡೆಯವಳು. ಅಲ್ಲಿ ಗಂಡ ತಂದ ಮೀನಿಗೆ ಕತ್ತಿ ಹಾಕುವವಳೇ ಮನೆಯೊಡತಿ. ಅನ್ನ ಬೇಯಿಸಲು, ಸಾರು ಕುದಿಸಲು ಯಾರಾದರೂ ಆದೀತು. ಕತ್ತಿ ಮಾತ್ರ ಹೆಂಡತಿಯದು. ಹೆಂಡತಿ ಬೇಡವೆಂದು ಹೇಳಲು ಹೊಳೆಯ ಗಂಡಸರಿಗೆ ಪಂಚಾಯಿತಿಯೂ ಬೇಕಿರಲಿಲ್ಲ. ನಾಲ್ಕು ಜನರೆದುರು ಅವಳ ಕೈಯಿಂದ ಕತ್ತಿ ಕಿತ್ತುಕೊಂಡು ತಾನೇ ಮೀನು ಕುಯ್ದರೆ ಆಯಿತು. ‘ನೀನು ನನ್ನ ಮನೆಯವಳಲ್ಲ’ ಎಂದು ಅದರರ್ಥ. ಆ ಹೆಣ್ಣು ಸಂಜೆಯೊಳಗೆ ತವರಿನ ದಾರಿ ಹಿಡಿಯುತ್ತಿದ್ದಳು.

ಮೀನು ಬೆಂದಿತು. ಅವನು ಬಾಳೆಲೆಯಲ್ಲಿ ಒಂದು ತುಂಡು ಹಾಕಿ ಅವಳೆದುರು ಹಿಡಿದ.

“ತಿನ್ನು.”

“ನಾಯಿಗೆ ಹಾಕು!”

ಅವಳು ಎಲೆಯನ್ನು ಮುಟ್ಟದೆ ಎದ್ದು ಹೋದಳು. ಕೇಕೆ ನಿಂತಿತು. ಗಂಡ ಬೊಮ್ಮನ್ ಎಲೆ ಹಿಡಿದ ಕೈಯನ್ನು ಕೆಳಗಿಳಿಸಲೂ ಮರೆತು ನಿಂತಿದ್ದ. ಅವನ ಮುಖ ಹೇಗಾಯಿತು ಎಂದು ಅವಳು ತಿರುಗಿ ನೋಡಲಿಲ್ಲ.

ಮನೆಯ ಹಿಂದೆ ಅಣ್ಣ ಅವಳ ತೋಳು ಹಿಡಿದ.

“ನಡಿ. ಸಾಯಂಕಾಲದ ಬಸ್ಸಿಗೆ ಹೊರಟುಬುಡುವಾ. ಅವ್ನ ಕೈ ಮುರಿದೇ ಬತ್ತೀನಿ, ನೀನು ಮುಂದೆ ಹೋಗಿರು.”

“ನಾನು ಬರಲ್ಲ ಅಣ್ಣ.”

“ಏನಂದೆ?”

“ಮದ್ವೆ ಆದ ಮಾರನೇ ದಿನ ವಾಪಸ್ ಬಂದೋಳು ಅನ್ನಿಸ್ಕೊಂಡು ನಾನು ಹೊಳೆ ದಾಟಲ್ಲ. ಕತ್ತಿ ಕಿತ್ಕೊಂಡನಲ್ಲ, ಬಾಯಲ್ಲೂ ಹೇಳ್ಲಿ. ‘ನೀನು ಬೇಡ’ ಅಂತ ಅವ್ನ ಬಾಯಲ್ಲೇ ಹೇಳಿಸಿ ಬತ್ತೀನಿ. ಅಲ್ಲೀ ತನಕ ಇಲ್ಲೇ ಅವ್ನ ಕಣ್ಣಿಗೆ ಮುಳ್ಳಾಗಿ ಇರ್ತೀನಿ!”

ಕೆಂಡಗಣ್ಣ ತಂಗಿಯನ್ನು ಬಲ್ಲವನು. ಹಲ್ಲು ಕಚ್ಚಿಕೊಂಡು ಬಸ್ಸು ಹತ್ತಿದ.

* * *

ಮುಳ್ಳಾಗಿ ಇರುವುದು ಅವಳಿಗೆ ಚೆನ್ನಾಗಿ ಬರುತ್ತಿತ್ತು.

ಗಂಡನಿಗೆ ‘ನೀವು’ ಎನ್ನಬೇಕೆಂದು ಅವ್ವ ಹೇಳಿ ಕಳಿಸಿದ್ದಳು. ದೇವೀರಿ ಮೊದಲ ದಿನದಿಂದಲೇ ‘ನೀನು’ ಎಂದಳು. ಅವನು ಕರೆದರೆ ಓಗೊಡುತ್ತಿರಲಿಲ್ಲ. ಅವನು ಒಳಗೆ ಮಲಗಿದರೆ ಇವಳು ಜಗಲಿಯಲ್ಲಿ, ಅವನು ಜಗಲಿಯಲ್ಲಿ ಮಲಗಿದರೆ ಇವಳು ಒಳಗೆ.

ಈ ಕೆರೆಯಿದ್ದ ವಯನಾಡು ಬೇರೆ ಜಿಲ್ಲೆಯಾಗಿ ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಕೇಣಿಚಿರದ ಪೇಟೆಯಲ್ಲಿ ಮೀನು ಕೊಳ್ಳಲು ಬರುತ್ತಿದ್ದ ಮಲಯಾಳಿ ಹೆಂಗಸು ಕಾರ್ತ್ಯಾಯಿನಿ ಇವರಿಬ್ಬರೂ ಬುಟ್ಟಿಯ ಎರಡು ಬದಿಗೆ ಮುಖ ತಿರುಗಿಸಿ ಕೂರುವುದನ್ನು ನೋಡಿ ಒಮ್ಮೆ ಕೇಳಿಯೇ ಬಿಟ್ಟಳು.

“ಎಂದಾ ಬೊಮ್ಮಾ, ಏನಿದು? ಜಿಲ್ಲೆ ಭಾಗ ಮಾಡಿದೋರು ನಿಮ್ಮ ಮನೇನೂ ಭಾಗ ಮಾಡಿ ಹೋದ್ರಾ?”

“ಗಡಿಕಲ್ಲು ಇನ್ನೂ ನೆಟ್ಟಿಲ್ಲ ಚೇಚಿ,” ಎಂದ ಅವನು.

“ನಾನು ನೆಟ್ಟಿದೀನಿ,” ಎಂದಳು ದೇವೀರಿ.

ನೀರಿನ ಮೇಲೆ ಮಾತ್ರ ಬೇರೆ ಮಾತು. ಅಲ್ಲಿ ಅವರ ಜಗಳಕ್ಕೆ ಜಾಗವಿರಲಿಲ್ಲ. ಬಿದಿರಿನ ತೆಪ್ಪದ ಹಿಂದೆ ಅವಳು ಗಳ ಹಿಡಿದು ನಿಲ್ಲುತ್ತಿದ್ದಳು. ಮುಂದೆ ಅವನು, ಬೀಸುಬಲೆಯ ಒಂದು ಮಡಿಕೆ ಮೊಣಕೈ ಮೇಲೆ, ಅಂಚು ಹಲ್ಲಿನಲ್ಲಿ. ಅವನ ಎಡ ಮೊಣಕಾಲು ಬಾಗಿತೆಂದರೆ ಬಲೆ ಬೀಸುತ್ತಾನೆ ಎಂದರ್ಥ. ಆ ಗಳಿಗೆಯಲ್ಲಿ ಗಳವನ್ನು ಕೆಸರಿಗೆ ಊರಿ ತೆಪ್ಪ ಅಲುಗದಂತೆ ಹಿಡಿಯಬೇಕು. ತೆಪ್ಪ ಒಂದು ಗೇಣು ಸರಿದರೂ ಬಲೆಯ ಜೊತೆ ಬೀಸಿದವನೂ ನೀರಿಗೆ. ಹೊಳೆಯಲ್ಲಿ ಅಪ್ಪನ ಹರಿಗೋಲು ನಡೆಸಿದ್ದ ಅವಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎಷ್ಟೇ ಸಿಟ್ಟಿದ್ದರೂ ಆ ಗಳಿಗೆಯಲ್ಲಿ ಅವಳು ತಪ್ಪಿದವಳಲ್ಲ.

ಬಲೆ ಕೊಡೆಯಂತೆ ಬಿಚ್ಚಿ ನೀರಿಗೆ ಬೀಳುವಾಗ ಅವನ ಬೆನ್ನು ನೋಡುತ್ತಿದ್ದಳು. ‘ಇಂಥ ಕೈಯವನು... ಇಂಥ ಕೆಟ್ಟವನು ಯಾಕಾದನೋ!’ ಎಂದುಕೊಂಡು, ಹಾಗೆ ನೋಡಿದ್ದಕ್ಕೆ ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ದಡಕ್ಕೆ ಬಂದರೆ ಮತ್ತೆ ಅದೇ ಅವಮಾನ. ಪೇಟೆಗೆ ಹೋಗುವ ಮೀನು ಇಡಿಯಾಗಿಯೇ ಹೋಗುತ್ತಿತ್ತು. ಮನೆಯ ಸಾರಿಗೆಂದು ತೆಗೆದಿಟ್ಟ ಮೀನನ್ನು ಅವನು ಕಲ್ಲಿನ ಮೇಲೆ ಹಾಕಿ, ದಾರಿಯಲ್ಲಿ ಹೋಗುವವರೆಲ್ಲ ನೋಡುವಂತೆ, ತಾನೇ ಕುಯ್ಯುತ್ತಿದ್ದ. ಚೇಳುಮೀನಾದರೆ ಒಲೆಯ ಬೂದಿ ತಂದು ಉಜ್ಜಿ, ಕುಟುಕುವ ಮುಳ್ಳನ್ನು ಮೊದಲೇ ಮುರಿದು ಎಸೆಯುತ್ತಿದ್ದ. ಪಿತ್ತ ಒಡೆಯದಂತೆ ಕರುಳು ತೆಗೆದು, ತೊಳೆದು, ಚಟ್ಟಿಗೆ ಹಾಕಿ ಅವಳ ಮುಂದಿಟ್ಟು ಹೋಗುತ್ತಿದ್ದ.

ನೆರೆಮನೆಗಳಲ್ಲಿ ಹೆಂಡತಿಯರೇ ಕುಯ್ಯುತ್ತಿದ್ದರು. ನಾರಾಯಣತ್ತೆ ಈ ವಯಸ್ಸಿನಲ್ಲೂ ಗಂಡ ತಂದ ಮೀನನ್ನು ತಾನೇ ಕುಯ್ಯುತ್ತಿದ್ದಳು. ದೇವೀರಿ ಅದನ್ನೆಲ್ಲ ಕಣ್ಣಾರೆ ನೋಡಿದ್ದಳು.

‘ಎಲ್ಲ ಹೆಂಗಸರ ಕೈಗೂ ಆಗುತ್ತೆ. ನನ್ನ ಕೈಗೆ ಮಾತ್ರ ಹೊಲಸು ಹತ್ತಿದೆ!’

ಅವಳು ಸಾರು ಮಾಡಿ ಅವನಿಗೆ ಬಡಿಸುತ್ತಿದ್ದಳು. ಅದರ ಒಂದು ತೊಟ್ಟನ್ನೂ ತಾನು ಬಾಯಿಗಿಡುತ್ತಿರಲಿಲ್ಲ. ಗಂಜಿಗೆ ಮೆಣಸಿನಕಾಯಿ ಚಟ್ನಿ ಕಲಸಿಕೊಂಡು ಅವನ ಎದುರಿಗೇ ಕೂತು ಉಣ್ಣುತ್ತಿದ್ದಳು. ಅವನು ಅವಳ ತಟ್ಟೆಯನ್ನೊಮ್ಮೆ ನೋಡುತ್ತಿದ್ದ. ಆಮೇಲೆ ಅವನಿಗೂ ಅನ್ನ ಇಳಿಯುತ್ತಿರಲಿಲ್ಲ.

ನಾರಾಯಣತ್ತೆ ಬೇಲಿಯಾಚೆಯಿಂದ ದನಿ ಏರಿಸುತ್ತಿದ್ದಳು.

“ರಾಣಿಯಮ್ಮ! ಗಂಡ ಕುಯ್ದು ಕೊಡ್ತಾನೆ, ಇವಳು ಮೂಸೋದೂ ಇಲ್ಲ! ಇಂಥ ಕೊಬ್ಬು ಯಾವ ಹೊಳೇಲಿ ಸಿಕ್ತಪ್ಪಾ ನಿಂಗೆ ಬೊಮ್ಮಾ?”

‘ಗಾಯಕ್ಕೆ ಉಪ್ಪು ಹಾಕ್ತಾಳೆ ಮುದುಕಿ,’ ಎಂದು ದೇವೀರಿ ಹಲ್ಲು ಕಡಿಯುತ್ತಿದ್ದಳು.

* * *

ಆಷಾಢ ಬಂತು. ಹೊಸದಾಗಿ ಮದುವೆಯಾದ ಹೆಣ್ಣು ತವರಿಗೆ ಹೋಗುವ ತಿಂಗಳು. ಕರೆದೊಯ್ಯಲು ಅಣ್ಣ ಬರುತ್ತಾನೆಂದು ಸುದ್ದಿ ಬಂತು.

ಹಿಂದಿನ ಸಂಜೆ ದೇವೀರಿ ಗಂಟು ಕಟ್ಟಿದಳು. ಉಡುವ ಸೀರೆ, ಮದುವೆಯ ಸೀರೆ, ಅವ್ವ ಕೊಟ್ಟ ಕಂಚಿನ ತಟ್ಟೆ, ಚಾಪೆ. ಅವನು ಬಾಗಿಲಲ್ಲಿ ನಿಂತು ನೋಡಿದ.

“ಒಂದು ತಿಂಗಳಿಗೆ ಚಾಪೆ ಯಾಕೆ? ನಿಮ್ಮವ್ವನ ಮನೇಲಿ ಚಾಪೆ ಇಲ್ವಾ?”

“ನನ್ನ ಚಾಪೆ. ನಾನು ಎಲ್ಲಿಗಾದ್ರೂ ಒಯ್ತೀನಿ.”

“ವಾಪಸ್ ಬರ್ತೀಯಾ?”

ಇಷ್ಟು ದಿನದಲ್ಲಿ ತಮ್ಮಿಬ್ಬರ ಬಗ್ಗೆ ಅವನು ನೇರವಾಗಿ ಕೇಳಿದ ಪ್ರಶ್ನೆ ಇದೊಂದೇ. ಅವಳು ಗಂಟಿನ ಹಗ್ಗವನ್ನು ಹಲ್ಲಿನಿಂದ ಬಿಗಿದು ಎಳೆದಳು.

“ಬರಬೇಡ ಅನ್ನು. ಬಾಯಿ ಬಿಟ್ಟು ಅನ್ನು! ಅದಕ್ಕೇ ಕಾಯ್ತಿದೀನಿ.”

ಅವನು ಹೊರಗೆ ಹೋಗಿ ಬಲೆಯ ಹರಿದ ಕಣ್ಣು ಹೆಣೆಯಲು ಕೂತ.

ಬೆಳಿಗ್ಗೆ ಮಳೆ ಬಿಟ್ಟಿತ್ತು. ಕೆರೆ ತುಂಬಿ ಕೆಂಪಾಗಿತ್ತು. ಅಣ್ಣ ಮಧ್ಯಾಹ್ನದ ಬಸ್ಸಿಗೆ ಬರುವವನು, ಅಷ್ಟರೊಳಗೆ ಒಂದು ಸುತ್ತು ಬಲೆ ಹಾಕಬಹುದು. ಕೊನೆಯ ದಿನವೂ ಕೆಲಸ ತಪ್ಪಿಸಿದಳು ಎಂಬ ಮಾತು ಬೇಡವೆಂದು ದೇವೀರಿ ಗಳ ಎತ್ತಿಕೊಂಡು ತೆಪ್ಪ ಹತ್ತಿದಳು.

ಎರಡು ಸಲ ಬೀಸಿದರೂ ಬಲೆ ಖಾಲಿ ಬಂತು. ಮೂರನೆಯ ಸಲಕ್ಕೆ ಬಲೆ ಮಡಿಚಿಕೊಳ್ಳುತ್ತ ಅವನು ತಿರುಗದೆಯೇ ಮಾತು ತೆಗೆದ.

“ನಿಮ್ಮಣ್ಣನಿಗೆ ಒಂದಿಷ್ಟು ಮೀನು ಸಿಕ್ಕಿದ್ರೆ ಕುಯ್ದು ಕೊಡ್ತೀನಿ. ಉಪ್ಪು ಹಾಕಿ ಒಯ್ಯಲಿ.”

ಅವಳ ಮೈಯೆಲ್ಲ ಉರಿದುಹೋಯಿತು. ಅಣ್ಣನ ಕಣ್ಣೆದುರು ಮತ್ತೆ ಕುಯ್ಯುತ್ತಾನಂತೆ! ಅವಮಾನವನ್ನು ಉಪ್ಪು ಹಾಕಿ ಕಟ್ಟಿ ಕಳಿಸುತ್ತಾನಂತೆ!

“ಥೂ! ನಿಂಗೆ ನಾಚಿಕೆ ಅನ್ನೋದು...”

ಅವನ ಎಡ ಮೊಣಕಾಲು ಬಾಗಿತ್ತು. ಅವಳು ನೋಡಲಿಲ್ಲ. ಸಿಟ್ಟಿನಲ್ಲಿ ತೆಪ್ಪಕ್ಕೆ ಕಾಲು ಅಪ್ಪಳಿಸಿದಳು, ಗಳ ಕೆಸರಿನಿಂದ ಕಿತ್ತು ಬಂತು, ತೆಪ್ಪ ಸರಿಯಿತು.

ಬಲೆಯ ಜೊತೆ ಅವನೂ ಹೋದ.

ಮೊದಲು ಅವಳಿಗೆ ನಗು ಬಂತು. ‘ಬೀಳು! ಚೆನ್ನಾಗಿ ಬೀಳು!’ ನೀರಿನ ಸುರುಳಿ ದೊಡ್ಡದಾಯಿತು, ಸಣ್ಣದಾಯಿತು, ನಿಂತುಹೋಯಿತು. ಅವನು ಮೇಲೆ ಬರಲಿಲ್ಲ.

“ಏಯ್...”

ಗುಳ್ಳೆಗಳು ಮಾತ್ರ ಬಂದವು.

“ಬೊಮ್ಮಾ!”

ಸೀಸದ ಗುಂಡು ಕಟ್ಟಿದ ಬಲೆ ಕಾಲಿಗೆ ಸುತ್ತಿದರೆ ಏನಾಗುತ್ತದೆಂದು ಹೊಳೆಯವರ ಮಗಳಿಗೆ ಹೇಳಬೇಕೆ? ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಧುಮುಕಿದಳು. ಕೆಂಪು ನೀರಿನಲ್ಲಿ ಕಣ್ಣು ಬಿಟ್ಟರೂ ಏನೂ ಕಾಣಲಿಲ್ಲ. ಕೈಗೆ ಬಲೆ ಸಿಕ್ಕಿತು, ಬಲೆಯೊಳಗೆ ಒದೆಯುತ್ತಿದ್ದ ಕಾಲು ಸಿಕ್ಕಿತು. ಎಳೆದಳು. ಬಿಡಲಿಲ್ಲ. ಅವನು ರಾತ್ರಿಯಿಡೀ ಕೂತು ಹೆಣೆದಿದ್ದ ಕಣ್ಣುಗಳನ್ನು ಹಲ್ಲಿನಿಂದ, ಉಗುರಿನಿಂದ ಹರಿದಳು. ಕೂದಲು ಹಿಡಿದು ಮೇಲಕ್ಕೆ ತಂದಳು.

ತೆಪ್ಪದ ಮೇಲೆ ಬೋರಲಾಗಿ ಬಿದ್ದು ಅವನು ನೀರು ಕಕ್ಕಿದ. ಉಸಿರು ಬಂದ ಮೇಲೆ ಮೊದಲು ಕೇಳಿದ್ದು ಒಂದೇ.

“ಬಲೆ?”

“ಬಲೆ ಹಾಳಾಗಿ ಹೋಗ್ಲಿ!” ಅವಳು ಅವನ ಬೆನ್ನಿಗೆ ಗುದ್ದಿದಳು. ಅಳುತ್ತಿದ್ದೇನೆಂದು ಆಗಲೇ ಗೊತ್ತಾದದ್ದು. “ಬಲೆ ಅಂತೆ ಬಲೆ! ಸಾಯ್ತಿದ್ದೆ ನೀನು!”

ಹರಿದ ಬಲೆಯ ಒಂದು ಮೂಲೆಯಲ್ಲಿ ಒಂದು ಗೆಂಡೆ ಸಿಕ್ಕಿಕೊಂಡು ಬಾಲ ಬಡಿಯುತ್ತಿತ್ತು.

* * *

ತೆಪ್ಪ ದಡ ಮುಟ್ಟುವುದರೊಳಗೆ ನಾರಾಯಣತ್ತೆ ಎದೆ ಹಿಡಿದುಕೊಂಡು ಓಡಿ ಬಂದಳು. ಅವನ ತಲೆ, ಎದೆ, ಕಾಲು ಎಲ್ಲವನ್ನೂ ತಡವಿ ನೋಡಿ, ಆಮೇಲೆ ದೇವೀರಿಯ ಕಡೆ ತಿರುಗಿದಳು.

“ನಿಜ ಹೇಳು! ಕತ್ತಿ ಮುಟ್ಟಿದೀಯೇನೇ? ಅವನಿಲ್ಲದಾಗ ಕದ್ದು ಮೀನು ಕುಯ್ದಿದೀಯೇನೇ?”

ದೇವೀರಿಗೆ ತಲೆಬುಡ ತಿಳಿಯಲಿಲ್ಲ. ಮನುಷ್ಯ ಮುಳುಗಿ ಎದ್ದಿದ್ದಾನೆ, ಈ ಮುದುಕಿ ಕತ್ತಿಯ ಮಾತಾಡುತ್ತಾಳೆ!

“ಮುಟ್ಟೋಕೆ ಬಿಟ್ಟವ್ನಾ ಇವ್ನು? ಊರೆಲ್ಲ ನೋಡ್ಲಿ ಅಂತ ದಿನಾ ತಾನೇ ಕುಯ್ಯಲ್ವಾ?”

“ಮುಟ್ಟದೆ ಇದ್ರೆ ಇದು ಹೆಂಗಾಯ್ತು? ಹೆಂಗೆ ಬಿದ್ದ ಇವನು?”

“ಕಾಲು ಜಾರ್ತು ಅತ್ತೆ,” ಎಂದ ಬೊಮ್ಮನ್. “ಅಷ್ಟೇ. ಅವಳು ಏನೂ ಮುಟ್ಟಿಲ್ಲ. ನೀರಿಂದ ಎಳೆದು ತಂದೋಳೇ ಅವಳು. ನೀನು ಮನೆಗೆ ಹೋಗು.”

“ನಿಮ್ಮಪ್ಪನೂ ಹಿಂಗೇ...”

“ಹೋಗು ಅಂದೆ! ನಮ್ಮವ್ವನಿಗೆ ಅಂದಿದ್ದು ಸಾಲದಾ ನಿಂಗೆ?”

ಮುದುಕಿ ಕಣ್ಣೊರೆಸಿಕೊಳ್ಳುತ್ತ ಬೇಲಿ ದಾಟಿ ಹೋದಳು.

ದೇವೀರಿ ನಿಂತಲ್ಲೇ ನಿಂತಿದ್ದಳು. ‘ಕಾಲು ಜಾರ್ತು ಅಂದ. ನಾನು ಬೀಳಿಸಿದೆ ಅನ್ನಲಿಲ್ಲ...’

ಅವನು ಏನೂ ಆಗದವನ ಹಾಗೆ ಗೆಂಡೆಯನ್ನು ಕಲ್ಲಿನ ಮೇಲೆ ಹಾಕಿ ಕತ್ತಿಗೆ ಕೈ ಚಾಚಿದ. ಅವಳು ಅದಕ್ಕಿಂತ ಮೊದಲೇ ಕತ್ತಿಯನ್ನು ಎತ್ತಿಕೊಂಡಳು.

“ಕೆಳಗಿಡು!” ಅವನ ದನಿ ಸೀಳಿತು. “ದೇವೀರಿ, ಕೆಳಗಿಡು ಅದನ್ನ!”

“ಇಡಲ್ಲ. ನನ್ನ ಕೈಗೆ ಏನು ಕುಷ್ಠ ಬಂದಿದೆ ಅಂತ ಹೇಳೋ ತನಕ ಇಡಲ್ಲ. ನೀನು ನೀರಿಗೆ ಬಿದ್ದದ್ದಕ್ಕೂ ಇದಕ್ಕೂ ಏನು ಸಂಬಂಧ?”

“ನಿಂಗೆ ಗೊತ್ತಿಲ್ವಾ?”

“ಏನು ಗೊತ್ತಿಲ್ವಾ?”

“ಮೊದಲ ಮಳೆಗಾಲ...” ಅವನು ಅವಳನ್ನೇ ದಿಟ್ಟಿಸಿದ. “ಮದ್ವೆ ಆಗಿ ಮೊದಲ ಮಳೆಗಾಲ ಕಳೆಯೋ ತನಕ ಹೆಂಡ್ತಿ ಮೀನಿಗೆ ಕತ್ತಿ ಹಾಕಬಾರದು. ಗಂಡನೇ ಕುಯ್ದು ಕೊಡಬೇಕು. ಇವಳು ದುಡಿಯೋಕೆ ಬಂದೋಳಲ್ಲ, ನನ್ನ ಜೊತೆ ಬಾಳೋಕೆ ಬಂದೋಳು ಅಂತ ಎಲ್ಲರಿಗೂ ತೋರಿಸೋದು ಅದು. ನಿಮ್ಮ ಕಡೆ ಇಲ್ವಾ?”

ದೇವೀರಿಯ ಕೈಯಲ್ಲಿ ಕತ್ತಿ ಹಾಗೆಯೇ ನಿಂತಿತು.

“ಆ ವರ್ಷ ಕತ್ತಿ ಹಿಡಿಯೋಳು ಗಂಡ ಸತ್ತೋಳು ಮಾತ್ರ,” ಎಂದ. “ನಾನು ಅವ್ವನ ಹೊಟ್ಟೇಲಿದ್ದೆ. ಅಪ್ಪ ಜ್ವರ ಬಂದು ಮಲಗಿದ್ದಾಗ ಅವ್ವ ಒಂದು ದಿನ ತಾನೇ ಮೀನು ಕುಯ್ದಳಂತೆ. ಅದೇ ಮಳೇಲಿ ಅಪ್ಪ ಈ ಚಿರದಲ್ಲಿ ಮುಳುಗಿದ. ಅವ್ವ ಸಾಯೋ ತನಕ ಅತ್ತೆ ಅವಳನ್ನ ಗಂಡನ್ನ ತಿಂದೋಳು ಅಂದ್ಲು. ಊರೂ ಅಂತು. ನನ್ನ ಸಾಕಿದ್ದು ಅತ್ತೆನೇ, ಆದ್ರೆ ಆ ಮಾತು ನಂಗೆ ಮರೆತಿಲ್ಲ.”

“ನೀನೂ ನಂಬ್ತೀಯಾ?” ಅವಳ ದನಿ ತಗ್ಗಿತ್ತು. “ಕತ್ತಿ ಮುಟ್ಟಿದ್ರೆ ಗಂಡ ಸಾಯ್ತಾನೆ ಅಂತ?”

“ಇಲ್ಲ.” ತಟ್ಟನೆ ಬಂತು ಉತ್ತರ. “ದಿನಾ ನೀರಿಗಿಳಿಯೋನು ನಾನು. ಒಂದಿನ ಮುಳುಗಿದ್ರೆ ಅದು ಕೆರೆ ಕೆಲಸ. ಅದಕ್ಕೆ ನಿನ್ನನ್ನ ಯಾರೂ ಅನ್ನಬಾರದು. ಅಷ್ಟೇ. ಅದಕ್ಕೇ ಎಲ್ಲರಿಗೂ ಕಾಣೋ ಹಂಗೆ ಕುಯ್ಯೋದು. ನೋಡಿದೋರೆಲ್ಲ ಸಾಕ್ಷಿ ಇರ್ತಾರಲ್ಲ... ನಾನು ಸತ್ತರೂ.”

ದೇವೀರಿ ಕತ್ತಿಯನ್ನು ಕಲ್ಲಿನ ಮೇಲಿಟ್ಟಳು. ಕೆಸರಿನಲ್ಲೇ ಕೂತಳು.

“ನಮ್ಮ ಹೊಳೇಲಿ ಗಂಡ ಹೆಂಡ್ತಿ ಕೈಯಿಂದ ಕತ್ತಿ ಕಿತ್ಕೊಂಡ್ರೆ ಏನರ್ಥ ಗೊತ್ತಾ ನಿಂಗೆ?”

“ಏನು?”

“ನೀನು ನಂಗೆ ಬೇಡ ಅಂತ. ತವರಿಗೆ ನಡಿ ಅಂತ.”

ಅವನು ನಿಧಾನವಾಗಿ ಕೇಳಿದ.

“ಮೊದಲ ದಿನ... ನಿಮ್ಮಣ್ಣ, ಅವ್ವ ಎಲ್ಲ ನಿಂತಿದ್ರು...”

“ಎಲ್ಲರ ಮುಂದೆ.”

“ಆಮೇಲೆ ದಿನಾ...”

“ದಿನಾ. ಸಾರಿನ ಮೀನು ಸಿಕ್ಕಿದ ದಿನವೆಲ್ಲ ನನ್ನ ಓಡಿಸ್ತಿದ್ದೆ ನೀನು.”

ಅವನೂ ಅವಳ ಎದುರು ಕೆಸರಿನಲ್ಲಿ ಕೂತ. ಇಬ್ಬರ ಮೈಯಿಂದಲೂ ನೀರು ಸುರಿಯುತ್ತಿತ್ತು. ಕಲ್ಲಿನ ಮೇಲೆ ಗೆಂಡೆ ಕೊನೆಯ ಸಲ ಬಾಲ ಬಡಿದು ಸುಮ್ಮನಾಯಿತು.

“ಬಾಯಿಬಿಟ್ಟು ಒಂದು ಮಾತು ಕೇಳಬಾರದಿತ್ತಾ?” ಎಂದ.

“ಏನು ಕೇಳೋದು? ಕೆನ್ನೆಗೆ ಹೊಡೆದೋನನ್ನ ಯಾಕಪ್ಪ ಹೊಡೆದೆ ಅಂತ ಕೇಳ್ತಾರಾ? ನೀನು ಹೇಳಬಾರದಿತ್ತಾ?”

“ಎಲ್ಲರಿಗೂ ಗೊತ್ತಿರೋದನ್ನ ಏನಂತ ಹೇಳೋದು? ನಾನು ಕುಯ್ದಿದ್ದನ್ನ ನಾಯಿಗೆ ಹಾಕು ಅಂದೋಳು ನೀನು! ನಮ್ಮ ಕಡೆ ಹಂಗಂದ್ರೆ ಈ ಗಂಡ ನಂಗೆ ಬೇಡ ಅಂತ ಅರ್ಥ!”

“ಬೇಡ ಅಂದೋಳನ್ನ ಯಾಕೆ ಇಟ್ಕೊಂಡೆ? ಕಳಿಸಬೇಕಿತ್ತು!”

“ಕಳಿಸೋಕೆ ಮನಸ್ಸು ಬರಲಿಲ್ಲ!” ಅವನು ರೇಗಿ ಬಿಟ್ಟ. “ಬೈರಕುಪ್ಪೆ ಕಡವಿನಲ್ಲಿ ಹರಿಗೋಲು ನಡೆಸ್ತಾ ಫಾರೆಸ್ಟ್ ಗಾರ್ಡ್ ಒಬ್ಬನ ಜೊತೆ ಜಗಳ ಆಡ್ತಿದ್ದೆ ನೀನು. ಅವನ ಟೋಪಿ ಹೊಳೆಗೆ ಬಿತ್ತು. ಅವತ್ತೇ ಅತ್ತೆಗೆ ಹೇಳ್ದೆ, ಆ ಹುಡುಗೀನೇ ಕೇಳು ಅಂತ. ಕೇಳಿ ಮಾಡ್ಕೊಂಡೋನು ನಾನು. ಬೇಡ ಅಂತ ಹೆಂಗನ್ನಲಿ?”

ದೇವೀರಿ ಒದ್ದೆ ಸೆರಗು ಹಿಂಡಿದಳು. ಸಿಟ್ಟು ಇನ್ನೂ ಇತ್ತು. ಆದರೆ ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

“ಟೋಪಿ ಬೀಳಲಿಲ್ಲ,” ಎಂದಳು ಕೊನೆಗೆ. “ನಾನೇ ಬೀಳಿಸಿದ್ದು.”

“ಗೊತ್ತು. ಇವತ್ತು ನನ್ನನ್ನೂ.”

ನಗು ಬಂತು. ತಡೆದುಕೊಳ್ಳಲು ನೋಡಿದಳು, ಆಗಲಿಲ್ಲ.

* * *

ಕೆಂಡಗಣ್ಣ ಬಂದಾಗ ಬೊಮ್ಮನ್ ಕಲ್ಲಿನ ಮುಂದೆ ಕೂತು ಗೆಂಡೆಯ ಹೊಟ್ಟೆ ಸೀಳುತ್ತಿದ್ದ. ದೇವೀರಿ ಚೊಂಬಿನಿಂದ ನೀರು ಹೊಯ್ಯುತ್ತಿದ್ದಳು. ಕೆಂಡಗಣ್ಣನ ಕಣ್ಣು ಮೊದಲು ಹೋದದ್ದು ಕತ್ತಿ ಹಿಡಿದ ಕೈಗೆ.

“ಇನ್ನೂ ನಿಂತಿಲ್ವಾ ಇವ್ನ ಆಟ?” ಕೊಡೆಯನ್ನು ನೆಲಕ್ಕೆ ಕುಕ್ಕಿದ. “ಏಳು ದೇವೀರಿ. ಗಂಟು ತಗೋ. ಇನ್ನು ಈ ದಡಕ್ಕೆ ನೀನು ಕಾಲಿಡಂಗಿಲ್ಲ.”

ಬೊಮ್ಮನ್ ಕೈ ನಿಲ್ಲಿಸಿದ. ಬೇಲಿಯಾಚೆ ನಾರಾಯಣತ್ತೆ ನಿಂತು ನೋಡುತ್ತಿದ್ದಳು. ಅವನು ಒಮ್ಮೆ ಅತ್ತೆಯನ್ನು ನೋಡಿದ, ಒಮ್ಮೆ ಭಾವನನ್ನು. ಆಮೇಲೆ ಕತ್ತಿಯನ್ನು ತಿರುಗಿಸಿ ಹಿಡಿಯನ್ನು ದೇವೀರಿಯ ಕಡೆ ಚಾಚಿದ.

“ತಗೋ,” ಎಂದ ಮೆಲ್ಲಗೆ. “ನಿಮ್ಮಣ್ಣ ನೋಡ್ಲಿ. ಅತ್ತೆ ಏನಾದ್ರೂ ಅನ್ಕೊಳ್ಳಲಿ.”

ಬೇಲಿಯಾಚೆಯಿಂದ “ಅಯ್ಯೋ, ಬೇಡ ಕಣೋ!” ಎಂಬ ಕೂಗು ಬಂತು.

ದೇವೀರಿ ಕತ್ತಿಯ ಹಿಡಿಯನ್ನು ನೋಡಿದಳು. ಇಷ್ಟು ದಿನ ಅವಳು ಬೇಡಿದ್ದು ಇದನ್ನೇ. ಕೈ ಚಾಚಿದರೆ ಸಾಕು, ಅಣ್ಣನೆದುರು ಮನೆಯೊಡತಿ. ಆದರೆ ನಾಳೆ ತೆಪ್ಪ ಮಗುಚಿದರೆ ಈ ಊರು ಏನನ್ನುತ್ತದೆ ಎಂದು ಈಗ ಅವಳಿಗೆ ಗೊತ್ತಿತ್ತು. ಅದು ಗೊತ್ತಿದ್ದೂ ಅವನು ಕೊಡುತ್ತಿದ್ದಾನೆ.

ಅವಳು ಅವನ ಬೆರಳುಗಳನ್ನು ಕತ್ತಿಯ ಸುತ್ತ ಮತ್ತೆ ಮಡಿಚಿದಳು.

“ಕುಯ್ಯಿ. ಅಣ್ಣ, ನೀನು ಕೂತ್ಕೋ. ಇವ್ನು ಕುಯ್ಲಿ. ನಾನೇ ಹೇಳಿದೀನಿ.”

“ತಲೆ ಕೆಟ್ಟಿದ್ಯಾ ನಿಂಗೆ? ಹೊಳೆಯೋರು ಕೇಳಿದ್ರೆ ಏನಂತ ಹೇಳ್ಲಿ ನಾನು?”

“ನನ್ನ ತಂಗಿ ಗಂಡ ಬದುಕಿದ್ದಾನೆ, ಅದಕ್ಕೇ ಅವ್ನೇ ಕುಯ್ತಾನೆ ಅನ್ನು.”

“ಅಂದ್ರೆ?”

“ಊಟ ಮಾಡ್ತಾ ಹೇಳ್ತೀನಿ. ಆಷಾಢಕ್ಕೆ ನಾನು ಬರಲ್ಲ.”

“ಅವ್ವ ನನ್ನ ಬೈತಾಳೆ!”

“ಬೈಸ್ಕೋ. ನಾನು ಇಷ್ಟು ದಿನ ಬೈಸ್ಕೊಂಡಿಲ್ವಾ?”

ಕೆಂಡಗಣ್ಣನಿಗೆ ಅರ್ಥವಾಗಲು ಒಂದು ತಟ್ಟೆ ಅನ್ನ ಬೇಕಾಯಿತು. ಪೂರ್ತಿ ಅರ್ಥವಾಯಿತೋ ಇಲ್ಲವೋ, ಸಾರು ಮಾತ್ರ ಎರಡು ಸಲ ಹಾಕಿಸಿಕೊಂಡ. ಹೋಗುವಾಗ ಬೊಮ್ಮನ್‌ನ ಭುಜಕ್ಕೆ ಬೇಕೆಂದೇ ಜೋರಾಗಿ ಒಂದು ತಟ್ಟಿದ.

“ಮೊದಲೇ ಹೇಳೋಕೇನಾಗಿತ್ತಯ್ಯಾ? ನಿನ್ನ ಕೈ ಮುರೀಬೇಕು ಅಂತಿದ್ದೆ.”

“ಈಗ ಬೇಡ ಭಾವ. ಮಳೆಗಾಲ ಮುಗಿಯೋ ತನಕ ಈ ಕೈ ಬೇಕು.”

ಅವನು ಹೋದ ಮೇಲೆ ಮನೆ ಸುಮ್ಮನಾಯಿತು. ದೇವೀರಿ ಇನ್ನೂ ಉಂಡಿರಲಿಲ್ಲ. ಅವಳು ತಟ್ಟೆಗೆ ಅನ್ನ ಹಾಕಿಕೊಂಡು, ಚಟ್ಟಿಯಲ್ಲಿ ಉಳಿದಿದ್ದ ಒಂದು ತುಂಡು ಗೆಂಡೆ ಬಡಿಸಿಕೊಂಡಳು. ಈ ಮನೆಯಲ್ಲಿ ಅವಳ ತಟ್ಟೆಗೆ ಬಿದ್ದ ಮೊದಲ ಮೀನು ಅದು. ಗೆಂಡೆಯ ಮೈತುಂಬ ಸಣ್ಣ ಮುಳ್ಳು.

ಬೊಮ್ಮನ್ ಎದುರಿಗೆ ಬಂದು ಕೂತ. ಏನೂ ಕೇಳದೆ ಆ ತುಂಡನ್ನು ತನ್ನ ಕಡೆ ಎಳೆದುಕೊಂಡು, ತಲೆ ತಗ್ಗಿಸಿ, ಒಂದೊಂದೇ ಮುಳ್ಳು ಬಿಡಿಸತೊಡಗಿದ.

ಅವಳು ನೋಡುತ್ತಿದ್ದಳು.

“ಇದೂ ಮೊದಲ ಮಳೆಗಾಲದ ಶಾಸ್ತ್ರವಾ?”

“ಅಲ್ಲ.”

“ಮತ್ತೆ? ಇದನ್ನ ಯಾರು ಮಾಡ್ತಾರೆ ನಿಮ್ಮ ಕಡೆ?”

“ಯಾರೂ ಮಾಡಲ್ಲ,” ಎಂದ. “ನಾನು ಮಾಡ್ತೀನಿ.”

“ನಂಗೆ ಮುಳ್ಳು ಬಿಡಿಸೋಕೆ ಬರುತ್ತೆ.”

“ಗೊತ್ತು.”

ಅವನು ಒಂದು ತುತ್ತು ಎತ್ತಿ ಹಿಡಿದ. ಅವಳು ಆ ಕೈಯನ್ನೊಮ್ಮೆ ನೋಡಿ ಬಾಯಿ ತೆರೆದಳು.

“ಉಪ್ಪು ಕಮ್ಮಿ ಆಗಿದೆ,” ಎಂದಳು.

“ಮಾಡಿದೋಳು ನೀನೇ.”

“ಗೊತ್ತು. ಇನ್ನೊಂದು ತುತ್ತು ಕೊಡು.”